ಹರಿಯಬ್ಬೆಯ ಕಾಕಂಬಿ

ಆ ದಿನ ನಿಜವಾಗಿ ನಡೆದದ್ದೇನು ಎಂದು ನನಗೆ ಖಚಿತವಾಗಿ ಗೊತ್ತಿಲ್ಲ. ಅಲ್ಲಿದ್ದವರು ಮೂವರು. ಮೂವರಲ್ಲಿ ನಂಬಲು ಅತ್ಯಂತ ಕಷ್ಟವಾದ ಸಾಕ್ಷಿ ನಾನೇ. ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು ನಾನು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ಪರೀಕ್ಷಿಸಬೇಕೆಂದು ಅಲ್ಲಿ ಕಲಿಸಿದ್ದರು. ಕಂಡ ಕಣ್ಣೇ ತೂರಾಡುತ್ತಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ!

ಹಿರಿಯೂರಿನ ಹತ್ತಿರ ಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ. ಅಲ್ಲಿನ ಕಚೇರಿಯಲ್ಲಿ ನಾನು ಇಂಗ್ಲಿಷ್ ಗುಮಾಸ್ತ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿ ಪಾರ್ವತಿ ಹೊಳಲ್ಕೆರೆಯ ತವರಿನಲ್ಲೇ ಇದ್ದಳು. ಅವಳ ತಂದೆ ರುದ್ರಪ್ಪನವರು ನಲವತ್ತು ವರ್ಷದಿಂದ ಬೆಲ್ಲದ ವ್ಯಾಪಾರಿ. ಮಠಕ್ಕೆ ನಡೆದುಕೊಳ್ಳುವ ಮನೆತನ. ದೊರೆಗಳ ಜೊತೆ ಕೆಲಸ ಮಾಡುವ ಅಳಿಯ ಕುಡಿಯುತ್ತಾನೆಂದು ಯಾರೋ ಪುಣ್ಯಾತ್ಮರು ಅವರ ಕಿವಿಗೆ ಹಾಕಿದ್ದರು. ಸೋಮವಾರ ತಾವೇ ಬಂದು ನನ್ನ ಮನೆ, ನಡತೆ ಎರಡನ್ನೂ ನೋಡುವುದಾಗಿಯೂ, ಸರಿ ಕಂಡರೆ ಮಾತ್ರ ಮಗಳನ್ನು ಕಳಿಸುವುದಾಗಿಯೂ ಕಾಗದ ಬರೆದಿದ್ದರು.

ನನಗೇನು ಭಯ? ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಗೋಡೆಗೆ ಸುಣ್ಣ ಹೊಡೆಸಿ ನಿಶ್ಚಿಂತೆಯಾಗಿ ಕೂತೆ.

ಭಾನುವಾರ ಬೆಳಿಗ್ಗೆ ದೊರೆಗಳ ಬಂಗಲೆಯ ಬಟ್ಲರ್ ಬಂದ. ಹಿಂದಿನ ವಾರ ಅವನಿಗೊಂದು ಅರ್ಜಿ ಬರೆದುಕೊಟ್ಟಿದ್ದೆ. ಅದರ ಋಣ ತೀರಿಸಲು ದಪ್ಪ ಗಾಜಿನ ಬಾಟಲಿಯೊಂದನ್ನು ತಂದಿದ್ದ.

“ಏಳೆಂಟು ವರ್ಷದ ಹಳೇ ಮಾಲು ಸ್ವಾಮಿ. ಕರೀ ಬೀರು. ದೊಡ್ಡ ದೊರೆ ಇದನ್ನ ಅಮೃತ ಅಂತಾರೆ. ಸಣ್ಣ ದೊರೆ ಗಾಡಿ ಕೀಲೆಣ್ಣೆ ಅಂತಾರೆ. ಇದರ ಸಲುವಾಗಿ ಇಬ್ಬರಿಗೂ ಒಂದು ವಾರದಿಂದ ಮಾತಿಲ್ಲ.”

“ನಾನು ಕುಡಿಯೋದಿಲ್ಲಯ್ಯ.”

“ಕುಡೀರಿ ಅಂತ ಯಾರು ಹೇಳಿದ್ರು? ಮಡಿಕ್ಕಳ್ಳಿ.”

ಅವನು ಹೋದ. ಬಾಟಲಿ ಉಳಿಯಿತು. ಒಂದೇ ವಸ್ತು ಅಮೃತವೂ ಕೀಲೆಣ್ಣೆಯೂ ಆಗಿರುವುದು ಹೇಗೆ? ಇಬ್ಬರಲ್ಲಿ ಒಬ್ಬ ದೊರೆ ತಪ್ಪಿರಲೇಬೇಕು. ಯಾರೆಂದು ತಿಳಿಯಲು ಒಂದು ಚಮಚ ಸಾಕು. ಇದು ಕುಡಿತವಲ್ಲ, ಪರೀಕ್ಷೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಬಿರಟೆಗೆ ಚೀಲ ಹೊಲಿಯುವ ದಬ್ಬಳ ಹಾಕಿ ಮೀಟಿದೆ. ಢಂ! ಬಿರಟೆ ಸೂರಿಗೆ ಹಾರಿತು. ಕಪ್ಪು ನೊರೆ ಹೊಸ ಸುಣ್ಣದ ಗೋಡೆಯ ಮೇಲೆಲ್ಲ ಚೆಲ್ಲಾಡಿತು. ಉಳಿದದ್ದನ್ನು ಚೊಂಬಿಗೆ ಸುರಿಯುವಷ್ಟರಲ್ಲಿ ಪಕ್ಕದ ಮನೆಯ ಕುರಿ ಸಾಕುವ ಕೆಂಚಪ್ಪ ಓಡಿ ಬಂದ.

“ಏನ್ರಿ ಗುಮಾಸ್ತ್ರೇ, ಕೋವಿ ಹೊಡದಂಗಾತಲ್ಲ!”

ಅವನ ಬೆನ್ನ ಹಿಂದೆಯೇ ಬಾಗಿಲಲ್ಲಿ ಕಮಾನುಗಾಡಿ ನಿಂತಿತು. ಇಳಿದವರು ಮಾವನವರು. ಒಂದು ದಿನ ಮೊದಲೇ!

“ಮಾಲು ನೋಡಾಕೆ ಹೇಳಿದ ದಿನ ಬರಬಾರ್ದು ಅಳಿಯಂದ್ರೇ,” ಎಂದು ಅವರು ರುಮಾಲು ತೆಗೆದು ಮೂಲೆಯ ರಾಗಿ ಚೀಲದ ಮೇಲಿಟ್ಟರು. “ಹೇಳಿದ ದಿನ ಎಲ್ಲಾ ಬೆಲ್ಲಾನೂ ಚಿನ್ನದಂಗೇ ಇರತೈತೆ.”

ಬಾಟಲಿ ನನ್ನ ಹಿಂದೆ, ಚೊಂಬು ನನ್ನ ಮುಂದೆ, ಗೋಡೆ ಎಲ್ಲರ ಎದುರಿಗೆ.

“ಅದೇನು, ಕರ್ರಗೆ?”

“ಕಾಕಂಬಿ,” ಎಂದೆ.

ಬೆಲ್ಲ ಕಾಯಿಸುವಾಗ ಉಳಿಯುವ ಕಪ್ಪು ಪಾಕದ ಹೆಸರು! ಲೋಕದಲ್ಲಿ ಕಪ್ಪಗಿರುವ ಪದಾರ್ಥ ನೂರಾರಿವೆ. ಕಷಾಯ ಎನ್ನಬಹುದಿತ್ತು, ಶಾಯಿ ಎನ್ನಬಹುದಿತ್ತು. ನಲವತ್ತು ವರ್ಷದ ಬೆಲ್ಲದ ವ್ಯಾಪಾರಿಯ ಮುಂದೆ ನಾನು ಹೇಳಿದ್ದು ಕಾಕಂಬಿ!

“ಹೌದಾ? ತರ್ರಿ ಇತ್ತ.”

ಮಂಡಿಯವರ ಪದ್ಧತಿಯೇ ಹಾಗೆ. ಮಾದರಿ ನಾಲಿಗೆಗೆ ತಾಗದೆ ಮಾತಿಲ್ಲ. ಬೆರಳು ಅದ್ದಿ ಮೂಗಿನ ಹತ್ತಿರ ತಂದರು. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಬೆರಳು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಇದನ್ನು ನಾನು ಕಣ್ಣಾರೆ ಕಂಡೆ.

“ಯಾವೂರ ಮಾಲು?”

“ಹ... ಹರಿಯಬ್ಬೆ.”

“ಹರಿಯಬ್ಬೇಲಿ ಕಬ್ಬು ಯಾರಪ್ಪ ಹಾಕ್ಯಾರೆ?” ಎಂದು ಗೊಣಗಿದರು. “ಇರ್ಲಿ. ಕಾಕಂಬೀನೇ.”

ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಕೆಂಚಪ್ಪ ಒಂದು ಬೊಗಸೆ ಹಿಡಿದು ಸೊರ್ರೆಂದು ಹೀರಿದ.

“ಯಜಮಾನ್ರೇ, ಇದು ಬೆಲ್ಲದ ಪಾಕ ಅಲ್ರಿ. ಹೆಂಡ! ಹೆಂಡದ ಮುತ್ತಾತ!”

“ಲೇ, ಕುರಿ ವಿಚಾರ ನೀನು ಹೇಳು, ಕೇಳ್ತೀನಿ. ಬೆಲ್ಲದ ರುಚಿ ನನಗೆ ಬಿಡು. ಕೊಪ್ಪರಿಗೆ ಸೀದೈತೆ, ಅಷ್ಟೇ.”

“ಕೊಪ್ಪರಿಗೆ ಸೀದ್ರೆ ನನ್ನ ಕಿವಿ ಯಾಕ್ರಿ ಬೆಚ್ಚಗಾಗ್ತಾವೆ?”

“ಬಿಸಿಲು!”

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಿ.ಎ. ಓದಿದ ಬಾಯಿ ಸುಮ್ಮನಿರುತ್ತದೆಯೇ? ನಾನು ಎದ್ದು ನಿಂತು ಸಭೆಗೆ ನಿವೇದಿಸಿದೆ: ಇದು ಹೆಂಡವಾಗಿದ್ದರೆ ಕುಡಿದವನಿಗೆ ಅಮಲೇರಬೇಕು. ನಾನು ಈಗ ಕುಡಿಯುತ್ತೇನೆ. ನನಗೆ ಅಮಲೇರುವುದಿಲ್ಲ. ಆದ್ದರಿಂದ ಇದು ಕಾಕಂಬಿ.

“ಬ್ಯಾಡ ಅಳಿಯಂದ್ರೇ, ಕುಂತ್ಕಳ್ರಿ,” ಎಂದರು ಮಾವನವರು.

ಚೊಂಬು ಎತ್ತಿಬಿಟ್ಟೆ. ಮೊದಲು ಬೇವಿನ ಕಹಿ. ಹಿಂದೆಯೇ ಸೀದ ಕಾಫಿ ಬೀಜ. ಆಮೇಲೆ ಖರ್ಜೂರದ ಸಿಹಿ, ಕೊನೆಗೆ ನಿಸ್ಸಂದೇಹವಾಗಿ ಗಾಡಿ ಕೀಲೆಣ್ಣೆ. ಇಬ್ಬರು ದೊರೆಗಳೂ ನಿಜವನ್ನೇ ಹೇಳಿದ್ದರು! ಈ ವಿಚಿತ್ರ ಫಲಿತಾಂಶವನ್ನು ದೃಢಪಡಿಸಿಕೊಳ್ಳಲು ಉಳಿದರ್ಧವನ್ನೂ ಮುಗಿಸಿದೆ.

ಇಲ್ಲಿಂದ ಮುಂದೆ ಕಥೆ ಕವಲೊಡೆಯುತ್ತದೆ. ನನ್ನ ನೆನಪಿನ ಪ್ರಕಾರ, ಪ್ರಮಾಣ ಮತ್ತು ಅನುಮಾನಗಳನ್ನು ಕುರಿತು ನಾನು ಗಂಭೀರವಾದ ಭಾಷಣ ಮಾಡಿದೆ. ಮಾವನವರು ಅದಕ್ಕೆ ತಲೆದೂಗಿದರು. ಕೆಂಚಪ್ಪ ಹೇಳುವುದು ಬೇರೆ. ಮಾವನವರ ರುಮಾಲು ಹೊತ್ತಿದ್ದ ರಾಗಿ ಚೀಲಕ್ಕೆ ನಾನು ಸಾಷ್ಟಾಂಗ ಬಿದ್ದು, “ಮಾವನವ್ರೇ, ನಾನು ಕುಡಿಯೋನಲ್ಲ, ಮಗಳನ್ನ ಕಳಿಸ್ರಿ,” ಎಂದು ಅತ್ತೆನಂತೆ. ಚೀಲ ಉತ್ತರ ಕೊಡದಿದ್ದಾಗ, “ಇಷ್ಟು ಸಿಟ್ಟೇ?” ಎಂದು ಕೇಳಿದೆನಂತೆ. ಕೆಂಚಪ್ಪ ಒಂದು ಬೊಗಸೆ ಕುಡಿದಿದ್ದವನು, ಅವನ ಸಾಕ್ಷ್ಯ ಹೇಗೆ ನಂಬುವುದು? ಮೂರನೆಯ ಸಾಕ್ಷಿಯಾದ ಮಾವನವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಚೀಲದ ಮೇಲಿದ್ದ ರುಮಾಲು ಕೊಡವಿ, ತಲೆಗೆ ಸುತ್ತಿ, ಗಾಡಿ ಹತ್ತಿದರು. ಸಂಸಾರ ಶುರುವಾಗುವ ಮುಂಚೆಯೇ ಮುಗಿಯಿತೆಂದು ನಾನು ಗೋಡೆ ನೋಡುತ್ತ ಕೂತೆ.

ಎಂಟನೆಯ ದಿನ ಅದೇ ಗಾಡಿ ಬಂತು. ಇಳಿದವಳು ಪಾರ್ವತಿ!

ನನ್ನ ವಾದ ಗೆದ್ದಿತ್ತು. ಹಾಗೆಂದು ಅವಳಿಗೆ ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಹೇಳಿದಾಗಲೆಲ್ಲ ಅವಳಿಗೆ ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಮೊನ್ನೆ ಅವಳ ಪೆಟ್ಟಿಗೆಯಲ್ಲಿ ಹಳೆಯ ಕಾಗದವೊಂದು ಸಿಕ್ಕಿತು. ಆಗ ಹೊಸದುರ್ಗದಲ್ಲಿದ್ದ ಅವಳ ದೊಡ್ಡಪ್ಪನಿಗೆ ಮಾವನವರು ಬರೆದದ್ದು; ದೊಡ್ಡಪ್ಪನೇ ಅವಳಿಗೆ ಕೊಟ್ಟಿರಬೇಕು:

“ಅದು ಕಾಕಂಬಿಯಲ್ಲ. ಮೂಗಿಗೇ ತಿಳಿಯಿತು. ಅದ್ದಿದ್ದು ತೋರುಬೆರಳು, ನಾಲಿಗೆಗೆ ಇಟ್ಟದ್ದು ನಡುಬೆರಳು. ನೆರೆಯವನ ಮುಂದೆ ಮನೆಯ ಮರ್ಯಾದೆ ಹೋಗಬಾರದೆಂದು ಕಾಕಂಬಿಯೆಂದೇ ಸಾಧಿಸಿದೆ. ಪಾರ್ವತಿಯನ್ನು ಕಳಿಸಲು ಅಡ್ಡಿಯಿಲ್ಲ. ಹುಡುಗ ಕುಡುಕನಲ್ಲ. ಅಭ್ಯಾಸವಿದ್ದವನು ಯಾವನೂ ರಾಗಿ ಚೀಲಕ್ಕೆ ಪಾದ ಎಲ್ಲಿದೆಯೆಂದು ಅರ್ಧ ಗಂಟೆ ಹುಡುಕುವುದಿಲ್ಲ.”

ಸಂಶಯ ನನ್ನ ಹುಟ್ಟುಗುಣ. ಇದನ್ನೂ ಸುಮ್ಮನೆ ನಂಬಲಿಲ್ಲ. ಅವರ ಬೇರೆ ಕಾಗದಗಳನ್ನೆಲ್ಲ ಹರಡಿಕೊಂಡು ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿದೆ.

ಕೈಬರಹ ಮಾವನವರದೇ.