ಹನ್ನೆರಡು ಗುಳಿಯ ಕೇಕ್ ತಟ್ಟೆ

ಮನೆಯಲ್ಲೇ ಏನಾದರೂ ಮಾಡಿ ಮಾರಲು ಹೊರಟವರ ಹೊಸ್ತಿಲಿಗೆ ಗಿರಾಕಿಗಳಿಗಿಂತ ಮೊದಲು ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳೇ ಬಂದು ನಿಲ್ಲುತ್ತವೆ. ನಾನು ನಜರ್‌ಬಾದಿನ ಒಂದು ವಠಾರದಲ್ಲಿ ಹತ್ತು ವರ್ಷ ಕಪ್ ಕೇಕ್ ಮಾಡಿ ಮಾರಿದವಳು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ಆಗ ಮೈಸೂರಿನಲ್ಲಿ ಕೇಕ್ ಅಂದರೆ ಬೇಕರಿಯ ಗಾಜಿನ ಬೀರುವಿನಲ್ಲಿ ಕೂತಿರುವ ಪದಾರ್ಥ. ಅದನ್ನು ನಮ್ಮಂಥ ಒಕ್ಕಲು ಮನೆಯ ಹೆಂಗಸು ಇದ್ದಿಲ ಒಲೆಯ ಮೇಲೆ ಮಾಡುತ್ತಾಳೆ ಅಂದರೆ ಯಾರೂ ನಂಬುತ್ತಿರಲಿಲ್ಲ. ತಿಂದ ಮೇಲೂ ಕೆಲವರು ನಂಬಲಿಲ್ಲ.

ಚಟ್ನಿ

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಆಂಗ್ಲೋ ಇಂಡಿಯನ್ ನರ್ಸಮ್ಮ ಇದ್ದರು. ರಿಟೈರಾಗಿ ತಂಗಿಯ ಮನೆಗೆ ಊಟಿಗೆ ಹೊರಟಾಗ ಅವರ ಕೇಕ್ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ತಗಡಿನ ತಟ್ಟೆ, ಅದರಲ್ಲಿ ಹನ್ನೆರಡು ಗುಳಿ. ಬೆಣ್ಣೆ ಸಕ್ಕರೆ ಎಷ್ಟು ಹೊತ್ತು ತಿರುವಬೇಕು, ಮೊಟ್ಟೆ ಯಾವಾಗ ಹಾಕಬೇಕು ಅಂತ ಪಕ್ಕದಲ್ಲಿ ನಿಂತು ಮೂರು ದಿನ ಹೇಳಿಕೊಟ್ಟಿದ್ದರು. ನಾನೂ ವಠಾರದ ಮನೆಗಳಿಗೆಲ್ಲ ಹೋಗಿ, "ನಾಳೆ ನಮ್ಮನೆ ಕೇಕ್ ರುಚಿ ನೋಡಿ. ಚೆನ್ನಾಗಿದ್ರೆ ಆಮೇಲೆ ಕೊಂಡ್ಕೊಳ್ಳಿ" ಅಂತ ಹೇಳಿ ಬಂದೆ.

ಮಾರನೆಯ ದಿನ ಬೆಣ್ಣೆ ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಅಷ್ಟರಲ್ಲಿ ಊರಿನಿಂದ ನಮ್ಮತ್ತೆ ಬಂದರು. ಅಡಿಗೆಮನೆಯಲ್ಲಿ ಹೊಸ ತಟ್ಟೆ ನೋಡಿದರು. ಪಕ್ಕದಲ್ಲೇ ದೋಸೆ ಹಿಟ್ಟಿತ್ತು. ನಾನು ಬರುವ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು.

"ಇದ್ಯಾವ ಸೀಮೆ ಪಡ್ಡಿನ ಹಂಚಮ್ಮಿ? ಎತ್ತೋಕೆ ಒಂದ್ ಹಿಡಿನೂ ಇಲ್ಲ. ಆದ್ರೂ ಬುಡು, ಅಚ್ಚುಕಟ್ಟಾಗ್ ಬಂದ್ವು. ಬಾಗ್ಲಿಗೆ ಬಂದೋರು 'ಕೇಕೆಲ್ಲಿ, ಕೇಕೆಲ್ಲಿ' ಅಂತಿದ್ರು. ಎಲ್ರಿಗೂ ಕೊಟ್ಬುಟ್ಟೆ."

ನನಗೆ ಅಳುವೇ ಬಂತು. ಅವತ್ತು ಸಂಜೆ ಕೂತು ನಿಜವಾದ ಕೇಕ್ ಮಾಡಿ, ಮತ್ತೆ ಮನೆ ಮನೆಗೂ ಹೋಗಿ ಹಂಚಿ ಬಂದೆ. ಎದುರು ಮನೆಯಾಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಯೋಚಿಸಿದರು.

"ಇದೂ ಪರವಾಗಿಲ್ಲ ಕಣ್ರೀ" ಅಂದರು. "ಆದ್ರೆ ಬೆಳಿಗ್ಗೆ ಕೊಟ್ರಲ್ಲ, ಆ ಕೇಕೇ ಚೆನ್ನಾಗಿತ್ತು. ಈ ಸಲ ಚಟ್ನಿ ಯಾಕೆ ಮಾಡ್ಲಿಲ್ಲ?"

ಬೀಗ

ಮೊದಲ ದಿನದ ಕೇಕನ್ನು ದೊಡ್ಡ ಬಾಣಲೆಯಲ್ಲಿ ಮರಳು ಹರಡಿ ಹೇಗೋ ಬೇಯಿಸಿದ್ದೆ. ದಿನಾ ಮಾರಲು ಓವನ್ ಬೇಕಲ್ಲ. ಮಂಡಿ ಮೊಹಲ್ಲಾದಲ್ಲಿ ಟ್ರಂಕು ಮಾಡುವ ಒಬ್ಬ ಸಾಹೇಬರಿದ್ದರು. ಅವರಿಗೆ ತಗಡಿನ ಪೆಟ್ಟಿಗೆಯ ಅಳತೆ ಹೇಳಿದೆ. ಕೆಳಗೆ ಮರಳು ಹರಡಲು ಜಾಗ, ನಡುವೆ ತಟ್ಟೆ ಇಡಲು ಕಂಬಿ, ಮುಂದೆ ಬಾಗಿಲು. ಅವರು ಗಡ್ಡ ನೀವಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡು ವಾರದಲ್ಲಿ ಮಾಡಿಕೊಟ್ಟರು. ಒಳ್ಳೆ ಗಟ್ಟಿ ಕೆಲಸ. ಆದರೆ ಬಾಗಿಲಿಗೆ ಟ್ರಂಕಿನ ಹಾಗೆ ಕೊಂಡಿ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನೂ ಕೊಟ್ಟರು.

"ಓವನ್ನಿಗೆ ಬೀಗ ಯಾಕೆ ಸಾಹೇಬ್ರೇ?" ಅಂದೆ.

"ಇರ್ಲಿ ಅಮ್ಮ. ನಲವತ್ತು ವರ್ಷದಲ್ಲಿ ಬೀಗ ಇಲ್ದಿರೋ ಪೆಟ್ಟಿಗೆ ನನ್ನ ಅಂಗಡಿಯಿಂದ ಆಚೆ ಹೋಗಿಲ್ಲ."

ನಗುತ್ತಲೇ ಮನೆಗೆ ತಂದೆ. ವಾರ ಕಳೆಯುವುದರೊಳಗೆ ಆ ಬೀಗದ ಬೆಲೆ ತಿಳಿಯಿತು. ಕೇಕ್ ಉಬ್ಬುವಾಗ ಬಾಗಿಲು ತೆಗೆದರೆ ನಡುವೆ ಕುಸಿದು ಹೋಗುತ್ತದೆ. ನಮ್ಮತ್ತೆಗೋ ಎರಡೆರಡು ನಿಮಿಷಕ್ಕೆ ಬಾಗಿಲು ತೆಗೆದು ಇಣುಕದಿದ್ದರೆ ಜೀವ ನಿಲ್ಲುತ್ತಿರಲಿಲ್ಲ. "ಬೇಡಿ ಅತ್ತೆ" ಅಂದರೆ, "ಬೆಂದವೋ ಇಲ್ವೋ ನೋಡ್ದೆ ಇದ್ರೆ ಎಂಗೆ?" ಅನ್ನುವರು. ಸತತವಾಗಿ ನಾಲ್ಕು ದಿನ ನನ್ನ ಕೇಕುಗಳು ತುಳಿದ ಹಾಗೆ ಬಂದವು. ಐದನೆಯ ದಿನ ತಟ್ಟೆ ಒಳಗಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ನೀರು ಹಿಡಿಯಲು ನಲ್ಲಿಗೆ ಹೋದೆ.

ಬಂದು ನೋಡಿದರೆ ಕಿಟಕಿಯ ಮೇಲೆ ಬೀಗದ ಕೈ ಇಲ್ಲ. ಮನೆಯಲ್ಲಿ ಅತ್ತೆಯೂ ಇಲ್ಲ. ಅವರಿಗೆ ಕೋಪ ಬಂದು, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು, ದೂರು ಹೇಳಲು ಉದಯಗಿರಿಯ ಮಗಳ ಮನೆಗೆ ನಡೆದುಬಿಟ್ಟಿದ್ದರು. ನಾನು ಕೆಂಡ ಎಳೆದು ಹಾಕಿದೆ. ಆದರೆ ಕಾದ ಮರಳು ಸುಮ್ಮನಿರುತ್ತದೆಯೇ? ಮೊದಲು ಘಮ ಬಂತು, ಆಮೇಲೆ ವಾಸನೆ ಬಂತು, ಕೊನೆಗೆ ಹೊಗೆ ಬಂತು. ವಠಾರದವರೆಲ್ಲ ಮೂಗು ಮುಚ್ಚಿಕೊಂಡು ಬಂದು ಓವನ್ನಿನ ಸುತ್ತ ನಿಂತರು.

ಹೊತ್ತು ಇಳಿಯುವ ಮುಂಚೆ ಅತ್ತೆ ಬಂದರು. ಯಾರ ಮುಖವನ್ನೂ ನೋಡದೆ ಸೆರಗಿನ ಗಂಟು ಬಿಚ್ಚಿ, ಬೀಗ ತೆಗೆದು, ಒಳಗೆ ಬಗ್ಗಿ ನೋಡಿದರು. ಹನ್ನೆರಡು ಇದ್ದಿಲ ಉಂಡೆ.

ನನ್ನ ಕಡೆ ತಿರುಗಿ, ಗೆದ್ದವರ ದನಿಯಲ್ಲಿ ಅಂದರು: "ನೋಡು. ಈಗ ಬೆಂದವೆ."

ಮೊಮ್ಮಗನಿಗೆ

ಹಿಂದಿನ ಬೀದಿಯಲ್ಲಿ ರಿಟೈರಾದ ಪೋಸ್ಟ್‌ಮಾಸ್ಟರರು ಇದ್ದರು. ಮಡಿ ಮೈಲಿಗೆಯ ಮನೆ. ಒಂದು ದಿನ ಛತ್ರಿ ಹಿಡಿದುಕೊಂಡು ಬಂದು ಜಗಲಿಯ ತುದಿಯಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡರು.

"ನೋಡಿಮ್ಮ, ಇದರಲ್ಲಿ ಏನೇನು ಹಾಕ್ತೀರಿ ಅಂತ ನಾನು ಕೇಳೋದಿಲ್ಲ. ನೀವೂ ಹೇಳಬೇಡಿ. ನನಗೆ ಗೊತ್ತಿಲ್ಲ, ಅಷ್ಟೇ."

ಎರಡು ಕೇಕ್ ಕೊಟ್ಟೆ. ಜಗಲಿಯಲ್ಲೇ ಗೋಡೆಯ ಕಡೆ ತಿರುಗಿ ತಿಂದು, ಬಾಯಿ ಒರೆಸಿಕೊಂಡು ಹೋದರು. ಅವತ್ತಿನಿಂದ ಪ್ರತಿ ಮಂಗಳವಾರ ಬಂದರು.

ಹದಿನೈದು ದಿನ ಬಿಟ್ಟು ಒಂದು ಶುಕ್ರವಾರ ಅವರ ಮನೆಯಾಕೆ ಹಿತ್ತಿಲ ಬಾಗಿಲಿಗೆ ಬಂದರು. "ನಮ್ಮನೆಯವರಿಗೆ ತಿಳಿದರೆ ನನ್ನ ಕತೆ ಮುಗಿದ ಹಾಗೆ ಕಣಮ್ಮ" ಅಂತ ಪಿಸುಗುಟ್ಟಿ, ಎರಡು ಕೇಕನ್ನು ಹೂವಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋದರು. ನಾನು ಯಾರಿಗೂ ಯಾರ ವಿಷಯವನ್ನೂ ಹೇಳಲಿಲ್ಲ. ಮಂಗಳವಾರ ಜಗಲಿ, ಶುಕ್ರವಾರ ಹಿತ್ತಿಲು. ಹೀಗೆ ಒಂದು ವರ್ಷ ನಡೆಯಿತು.

ಒಂದು ಮಂಗಳವಾರ ಆಕೆಗೆ ದಿನ ತಪ್ಪಿತೋ, ತಡೆಯಲಾಗಲಿಲ್ಲವೋ, ಹಿತ್ತಿಲಿಂದ ನೇರ ಒಳಗೆ ಬಂದು ನಡುಮನೆಗೆ ಕಾಲಿಟ್ಟರು. ಜಗಲಿಯಲ್ಲಿ ಯಜಮಾನರು ಗೋಡೆಗೆ ಮುಖ ಮಾಡಿ ಅಗಿಯುತ್ತಿದ್ದವರು ಬಳೆ ಸದ್ದಿಗೆ ತಿರುಗಿದರು. ಬಾಯಿ ತುಂಬ ಕೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಲವತ್ತು ವರ್ಷದ ಸಂಸಾರ ನನ್ನ ಕೇಕಿನಿಂದ ಮುರಿದು ಬೀಳುತ್ತದಲ್ಲ ಅಂತ ದಿಗಿಲಾಯಿತು.

ಪೋಸ್ಟ್‌ಮಾಸ್ಟರರು ನಿಧಾನವಾಗಿ ನುಂಗಿ, "ಮೊಮ್ಮಗನಿಗೆ ತಗೊಂಡು ಹೋಗೋಣ ಅಂತ ಬಂದೆ. ಹೇಗಿದೆ ಅಂತ ನೋಡ್ತಿದ್ದೆ" ಅಂದರು.

"ನಾನೂ ಮೊಮ್ಮಗನಿಗೇ ಅಂತ ಬಂದೆ" ಅಂದರು ಆಕೆ.

ಆಮೇಲೆ ಪ್ರತಿ ಮಂಗಳವಾರ ಇಬ್ಬರೂ ಜೊತೆಯಲ್ಲೇ ಬಂದು ಮೊಮ್ಮಗನಿಗೆ ನಾಲ್ಕು ಕೇಕ್ ಒಯ್ಯುತ್ತಿದ್ದರು. ಅವರ ಒಬ್ಬನೇ ಮಗನಿಗೆ ಮದುವೆಯಾದದ್ದು ಮೂರು ವರ್ಷದ ನಂತರ.

ಎರಡಕ್ಷರ

ಒಂದು ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಿಗೆ ವರ್ಗವಾಯಿತು. ಭಾರಿ ಕಟ್ಟುನಿಟ್ಟಿನ ಮನುಷ್ಯ, ಮೇಷ್ಟ್ರುಗಳೇ ಹೆದರುತ್ತಿದ್ದರಂತೆ. ಬೀಳ್ಕೊಡುಗೆಗೆ ಅಲ್ಲಿನ ಡ್ರಾಯಿಂಗ್ ಮೇಷ್ಟ್ರು ನನ್ನ ಹತ್ತಿರ ಹನ್ನೆರಡು ಕೇಕ್ ಹೇಳಿದರು. ಪ್ರತಿ ಕೇಕಿನ ಮೇಲೂ ಸಕ್ಕರೆ ಪಾಕದಲ್ಲಿ ಒಂದೊಂದು ಅಕ್ಷರ: "ಸುಖವಾಗಿ ಹೋಗಿ ಬನ್ನಿ ಹೆಡ್‌ಮಾಸ್ಟರೇ". 'ಹೆಡ್' ಅನ್ನುವುದನ್ನು ಒಂದೇ ಕೇಕಿನಲ್ಲಿ ಹಿಡಿಸಿದರೆ ಸರಿಯಾಗಿ ಹನ್ನೆರಡು.

ಮೇಷ್ಟ್ರು ಜಟಕಾ ಮಾಡಿಕೊಂಡು ಬಂದರು. ಕೇಕುಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಜಟಕಾದ ಪಕ್ಕದ ಕಟ್ಟೆಯ ಮೇಲಿಟ್ಟು, ಮುಚ್ಚಲು ಬಟ್ಟೆ ತರೋಣವೆಂದು ನಾವಿಬ್ಬರೂ ಒಳಗೆ ಹೋದೆವು. ಬರುವುದರೊಳಗೆ ಕುದುರೆ ಕತ್ತು ಚಾಚಿ ನಡುವಿನ ಎರಡು ಕೇಕನ್ನು ಮುಗಿಸಿತ್ತು. ಬೇರೆ ಮಾಡಲು ಹೊತ್ತಿಲ್ಲ. ಮೇಷ್ಟ್ರು ಉಳಿದವನ್ನು ಹತ್ತಿರ ಸರಿಸಿಕೊಂಡು, "ಹತ್ತಿದ್ದರೂ ಸಾಕು ಬಿಡಿ" ಅಂತ ಹೊರಟೇಬಿಟ್ಟರು.

ಕುದುರೆ ತಿಂದದ್ದು 'ಬ' ಮತ್ತು 'ನ್ನಿ'.

ಸಭೆಯಲ್ಲಿ ಹಲಗೆಯ ಮೇಲಿನ ಬಟ್ಟೆ ತೆಗೆದಾಗ ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರಂತೆ: "ಸುಖವಾಗಿ ಹೋಗಿ ಹೆಡ್‌ಮಾಸ್ಟರೇ."

"ಬನ್ನಿ ಅನ್ನೋದು ಎಲ್ಲಿ?"

"ಕುದುರೆ ತಿಂತು ಸಾರ್" ಅಂದರು ಡ್ರಾಯಿಂಗ್ ಮೇಷ್ಟ್ರು.

ಹೆಡ್‌ಮಾಸ್ಟರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ ಅಂದರಂತೆ: "ಅಂತೂ ನಾನು ವಾಪಸ್ ಬರೋದು ಈ ಊರಲ್ಲಿ ಒಂದು ಕುದುರೆಗಾದರೂ ಇಷ್ಟವಾಯ್ತಲ್ಲ."

ಮಂಜೂರು

ಕೇಕ್ ತಟ್ಟೆಗೆ ಅಂಟದಿರಲೆಂದು ಪ್ರತಿ ಗುಳಿಗೂ ಕಾಗದದ ತೊಟ್ಟಿಲು ಮಾಡಿ ಇಡುತ್ತಿದ್ದೆ. ಅದಕ್ಕೆ ಬೆಣ್ಣೆ ಕಾಗದ ಬೇಕು. ಒಂದು ಸಲ ಅಂಗಡಿಯಲ್ಲಿ ಅದು ಮುಗಿದು, ಅಂಗಡಿಯವರು ಒಂದು ಕಟ್ಟು ಹಳೇ ಕಾಗದ ಕೊಟ್ಟರು. ಯಾವುದೋ ಕಚೇರಿಯಿಂದ ಹರಾಜಿಗೆ ಬಂದದ್ದು. ಒಂದು ಮಗ್ಗುಲಲ್ಲಿ ಬರವಣಿಗೆ, ಇನ್ನೊಂದು ಮಗ್ಗುಲು ಹಾಲಿನಷ್ಟು ಬಿಳುಪು. ಬಿಳಿ ಮಗ್ಗುಲನ್ನು ಕೇಕಿನ ಕಡೆಗಿಟ್ಟು, ಬರೆದದ್ದು ಹೊರಗೆ ಬರುವಂತೆ ಮಡಿಸಿದೆ. ಅದರಲ್ಲಿ ಏನು ಬರೆದಿದೆ ಅಂತ ನೋಡಲೇ ಇಲ್ಲ.

ಆ ಕೇಕು ಹೋದದ್ದು ನಮ್ಮ ವಠಾರದ ಮೂರನೆಯ ಮನೆಯ ಹುಡುಗಿಯನ್ನು ನೋಡಲು ಬರುವವರಿಗಾಗಿ. ಟೀಚರ್ ಟ್ರೈನಿಂಗ್ ಮುಗಿಸಿದ, ಚುರುಕಾದ ಹುಡುಗಿ. ಆದರೆ ಹಿಂದೆ ಮೂರು ಕಡೆಯವರು ನೋಡಿ, ತಿಂಡಿ ತಿಂದು, ಆಮೇಲೆ ಕಾಗದವನ್ನೂ ಬರೆಯದೆ ಸುಮ್ಮನಾಗಿದ್ದರು. ಅವಳ ತಾಯಿ, "ಈ ಸಲನಾದ್ರೂ ಆಗ್ಬೇಕು ಕಣ್ರೀ. ನೀವೂ ಬಂದು ಜೊತೆಗಿರಿ" ಅಂತ ನನ್ನ ಕೈ ಹಿಡಿದುಕೊಂಡಿದ್ದರು. ಕೇಕಿನ ಬುಟ್ಟಿಯನ್ನೂ ಮಿಕ್ಕ ಕಾಗದವನ್ನೂ ಅವರ ಅಡಿಗೆಮನೆಯಲ್ಲಿಟ್ಟು, ನಾನು ನಡುಮನೆಯ ಬಾಗಿಲಲ್ಲಿ ನಿಂತೆ.

ಬಂದವರು ಮೂವರು. ಹುಡುಗ ವಿದ್ಯುತ್ ಇಲಾಖೆಯಲ್ಲಿ ಓವರ್‌ಸಿಯರ್. ಅವನ ತಾಯಿ. ಅವನ ತಂದೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಹುಡುಗಿ ಬಂದು ಎಲ್ಲರಿಗೂ ಕೇಕ್ ಕೊಟ್ಟು ನಿಂತಳು. ಹುಡುಗ ಒಂದು ಸಲ ತಲೆಯೆತ್ತಿ ನೋಡಿದವನು ಆಮೇಲೆ ತಲೆ ತಗ್ಗಿಸಲೇ ಇಲ್ಲ.

ಶಿರಸ್ತೇದಾರರು ಕೇಕ್ ತಿಂದರು. ಅವರಿಗೆ ಕೈಗೆ ಸಿಕ್ಕಿದ ಯಾವ ಕಾಗದವನ್ನೂ ಓದದೆ ಬಿಡುವ ಅಭ್ಯಾಸವಿಲ್ಲ. ಮಡಿಕೆ ಬಿಡಿಸಿ ಕಚೇರಿಯ ದನಿಯಲ್ಲಿ ಓದಿದರು: "ಅರ್ಜಿದಾರರ ಕೋರಿಕೆಯನ್ನು ಪರಿಶೀಲಿಸಲಾಗಿ, ಸಾಕಷ್ಟು ಆಧಾರವಿಲ್ಲದ ಕಾರಣ ತಿರಸ್ಕರಿಸಲಾಗಿದೆ."

ಹುಡುಗಿಯ ತಾಯಿಯ ಮುಖ ಬಿಳುಚಿಕೊಂಡಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹುಡುಗಿಯ ತಂದೆ ಗಾಬರಿಯಲ್ಲಿ ತಮ್ಮ ಕೇಕಿನ ಕಾಗದವನ್ನು ಮುಚ್ಚಿಡಲು ಹೋದರು. ಶಿರಸ್ತೇದಾರರು ಅದನ್ನೂ ಇಸಿದುಕೊಂಡರು: "ಸದರಿ ವಿಷಯವನ್ನು ಮುಂದಿನ ವಾಯಿದೆಗೆ ಮುಂದೂಡಲಾಗಿದೆ." ಅವರ ಹೆಂಡತಿಯ ಕೈಯಲ್ಲಿದ್ದದ್ದು: "ಸ್ಥಳ ತನಿಖೆ ಮಾಡಿ ವರದಿ ಸಲ್ಲಿಸುವುದು." ಹುಡುಗನದು: "ಕಡತ ಕಾಣೆಯಾಗಿದೆ."

ಹುಡುಗನ ತಾಯಿ ಕಿಸಕ್ಕನೆ ನಕ್ಕುಬಿಟ್ಟರು. "ಅಯ್ಯೋ, ಇನ್ನೂ ಇದ್ರೆ ತನ್ನಿಯಮ್ಮ. ಮಂಜೂರಾಗೋವರೆಗೂ ತಿನ್ನೋಣ!"

ಹುಡುಗಿ ಒಳಗೆ ಹೋದಳು. ಒಂದು ಕೇಕ್ ತರಲು ಅಷ್ಟು ಹೊತ್ತು ಯಾಕೆ ಬೇಕು ಅಂತ ನಾನು ಅಂದುಕೊಳ್ಳುತ್ತಿರುವಾಗಲೇ ತಟ್ಟೆಯಲ್ಲಿ ಒಂದೇ ಒಂದು ಕೇಕ್ ತಂದು ಹುಡುಗನ ಮುಂದೆ ಹಿಡಿದಳು. ಅವನು ತೆಗೆದುಕೊಂಡು ಕಾಗದ ಬಿಡಿಸಿದ. ನಾನು ಮಡಿಸಿದ್ದಲ್ಲ ಅದು, ಬಿಳಿ ಮಗ್ಗುಲು ಹೊರಗಿತ್ತು. ಅದರ ಮೇಲೆ ದುಂಡಗೆ ಒಂದೇ ಪದ. ಹುಡುಗ ಓದಿದ: "ಮಂಜೂರು."

ಹುಡುಗಿ ಗೋಡೆ ನೋಡುತ್ತಿದ್ದಳು. ಶಿರಸ್ತೇದಾರರು ಕನ್ನಡಕ ಸರಿಪಡಿಸಿಕೊಂಡು ಕೈ ನೀಡಿದರು. ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಊರ್ಜಿತವಲ್ಲ" ಅಂದರು. "ತಾರೀಖಿಲ್ಲ, ಮೊಹರಿಲ್ಲ. ಮುಖ್ಯವಾಗಿ ಸಹಿಯೇ ಇಲ್ಲ."

ಹುಡುಗ ತನ್ನ ಬಲಗೈ ನೋಡಿಕೊಂಡ. ಶಾಯಿ ಇನ್ನೂ ಒಣಗಿರಲಿಲ್ಲ. ಕಾಗದ ಬಿಡಿಸುವಾಗ ಹೆಬ್ಬೆರಳು ಪೂರ್ತಿ ನೀಲಿಯಾಗಿತ್ತು. ಅವನು ಎದ್ದು, ಅಪ್ಪನ ಕೈಯಲ್ಲಿದ್ದ ಕಾಗದದ ಮೇಲೆ ಆ ಬೆರಳನ್ನು ಒತ್ತಿ ಹೇಳಿದ:

"ಸಹಿ ಇಲ್ದಿದ್ರೆ ಬೇಡಪ್ಪ. ಹೆಬ್ಬೆಟ್ಟು ನಡಿಯತ್ತಲ್ಲ?"