ಕರುಣರಸದಲ್ಲಿ ಅರ್ಧ ದಿನದ ರಜೆ

ಸುಫಿಯಾನನಿಗೆ ಬೇಕಾಗಿದ್ದದ್ದು ಅರ್ಧ ದಿನದ ರಜೆ, ಅಷ್ಟೇ. ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತ, ಭಾರತೀಯ ಮತ್ತು ಪಾಶ್ಚಾತ್ಯ ಕಥನ ಸಿದ್ಧಾಂತಗಳ ಮೇಲೆ ಪಿಎಚ್‌.ಡಿ. ಮಾಡುತ್ತ ಮಾಡುತ್ತ ನೆತ್ತಿಯ ಕೂದಲು ಕಳೆದುಕೊಂಡಿದ್ದ ಈ ಪುಣ್ಯಾತ್ಮನನ್ನು ನೋಡಲು ಅಂದು ಸಂಜೆ ನಾಲ್ಕಕ್ಕೆ ಹರಿಹರದ ಅಜ್ಜಿ ಮನೆಗೆ ಹೆಣ್ಣಿನ ಕಡೆಯವರು ಬರುವವರಿದ್ದರು. ಹುಡುಗಿ ಅಂಜುಮ್. ಯಾರದೋ ಮದುವೆಮನೆಯ ಬಾಗಿಲಲ್ಲಿ ಒಮ್ಮೆ ನಕ್ಕಿದ್ದಳು. ಅಂದಿನಿಂದ ಇವನ ತಲೆಗೆ ಒಂದು ಪುಟವೂ ನೆಟ್ಟಗೆ ಇಳಿದಿರಲಿಲ್ಲ.

ಗ್ರಹಚಾರ ನೋಡಿ, ಅದೇ ಮಧ್ಯಾಹ್ನ ಮೂರಕ್ಕೆ ವಿಭಾಗದಲ್ಲಿ ಇವನದೇ ಉಪನ್ಯಾಸ. ವಿಷಯವೂ ಅದೇ, ಕಥನ ಸಿದ್ಧಾಂತ. ನಿಜ ಹೇಳಿ ತಪ್ಪಿಸಿಕೊಳ್ಳೋಣವೆಂದರೆ, "ಮಾತು ಪಕ್ಕಾ ಆಗೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಅಜ್ಜಿ ಖತೀಜಾಬೀ ಆಣೆ ಹಾಕಿಸಿಕೊಂಡಿದ್ದಳು. ಹಾಗಾಗಿ ಉಳಿದದ್ದು ಸುಳ್ಳು. ಸುಳ್ಳೂ ಒಂದು ಕಥೆಯೇ ತಾನೆ, ಇಷ್ಟು ವರ್ಷ ಓದಿದ್ದನ್ನು ಇನ್ಯಾವಾಗ ಬಳಸುವುದು ಎಂದುಕೊಂಡ ಸುಫಿಯಾನ್.

ಕಥೆಯನ್ನು ನಡುವಿನಿಂದ ಎತ್ತಿಕೊಂಡರೆ ಬಿಗಿ ಹೆಚ್ಚು ಅನ್ನುವುದು ಪಶ್ಚಿಮದವರ ಮಾತು. ಅದರಂತೆ ವಿಭಾಗದ ಮುಖ್ಯಸ್ಥ ಬಕ್ಕೇಶಪ್ಪನವರ ಕೋಣೆಗೆ ನುಗ್ಗಿದವನೇ, "ಕಾಲು ಮುರಿದು ಹೋತು ಸಾರ್!" ಎಂದ.

"ಯಾರದೋ ಮಾರಾಯ? ನೀನು ನೆಟ್ಟಗೇ ನಿಂತೀಯಲ್ಲ."

"ನಮ್ಮ ಅಜ್ಜೀದು ಸಾರ್, ಹರಿಹರದಾಗೆ."

"ವಯಸ್ಸಾದೋರು ಬೀಳ್ತಾರಪ್ಪಾ. ಉಪನ್ಯಾಸ ಮುಗಿಸಿ ಹೋಗು."

ಪಶ್ಚಿಮ ಕೈಕೊಟ್ಟಿತು. ಸುಫಿಯಾನ್ ತಕ್ಷಣ ಪೂರ್ವಕ್ಕೆ ತಿರುಗಿದ. ಕಥೆಯೊಳಗೊಂದು ಕಥೆ ಇಟ್ಟ. ತಾಯಿಯಿಲ್ಲದ ತನ್ನನ್ನು ಅಜ್ಜಿ ಹೇಗೆ ಸಾಕಿದಳು, ತಾನು ಉಂಡಳೋ ಬಿಟ್ಟಳೋ ಮೊಮ್ಮಗನಿಗೆ ಹೇಗೆ ಉಣಿಸಿದಳು ಎಂದೆಲ್ಲ ಕರುಣರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ. ಆಮೇಲೆ ದನಿ ತಗ್ಗಿಸಿ, "ಬಿದ್ದಲ್ಲಿಂದಾನೇ ಕೇಳಿದ್ಳಂತೆ ಸಾರ್, ಸುಫಿ ಊಟ ಮಾಡ್ಯಾನೋ ಇಲ್ಲೋ..." ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟ. ಹೇಳದೆ ಬಿಡುವುದರಲ್ಲಿ ಧ್ವನಿ, ಅಂದರೆ ಒಳಗಿನ ಅರ್ಥ, ಇರುತ್ತದೆಂದು ಅವನು ಓದಿದ್ದ. ಬಕ್ಕೇಶಪ್ಪನವರು ಕರವಸ್ತ್ರ ಹುಡುಕತೊಡಗಿದರು.

"ಉಪನ್ಯಾಸ ಕ್ಯಾನ್ಸಲ್!" ಎಂದರು ಮೂಗೊರೆಸಿಕೊಳ್ಳುತ್ತ. ಪಕ್ಕದ ಕೋಣೆಯಲ್ಲಿ ಯಾರೋ "ಅಬ್ಬಾ, ಉಳಿದ್ವಿ" ಎಂದದ್ದು ಸ್ಪಷ್ಟವಾಗಿಯೇ ಕೇಳಿಸಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಹೋದ್ಯೋಗಿ ಜಂಬಯ್ಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಹೆಂಗಿದ್ರೂ ಮಧ್ಯಾಹ್ನ ಖಾಲಿ ಆತಲ್ರಿ ಸಾರ್. ಎಲ್ರೂ ಹೋಗಿ ಅಜ್ಜೀನ ಮಾತಾಡ್ಸಿಕೊಂಡು ಬರೋಣ." ನಮ್ಮ ಕಡೆ ಹಗೆಯವನು ಹಾಸಿಗೆ ಹಿಡಿದರೂ ಬ್ರೆಡ್ಡು, ಮೋಸಂಬಿ ಹಿಡಿದು ಹೋಗದೆ ಬಿಡುವುದಿಲ್ಲ. ಇನ್ನು ಇಂಥ ಅಜ್ಜಿಯನ್ನು ಬಿಟ್ಟಾರೆಯೇ?

"ಬ್ಯಾಡ್ರಿ ಸಾರ್, ಯಾರನ್ನೂ ಒಳಗೆ ಬಿಡಬ್ಯಾಡ್ರಿ ಅಂದಾರೆ ಡಾಕ್ಟ್ರು."

"ಅಷ್ಟು ಸೀರಿಯಸ್ಸಾ?" ಎಂದು ಆಫೀಸಿನ ಸ್ವಾತಿಯೂ ಬ್ಯಾಗು ಎತ್ತಿಕೊಂಡಳು.

"ಮಾತೇ ನಿಂತೈತ್ರಿ. ಬಂದು ಏನ್ ಮಾಡ್ತೀರಿ?"

"ಹಂಗಾದ್ರೆ ಇವತ್ತೇ ಹೋಗ್ಬೇಕು," ಎಂದರು ಬಕ್ಕೇಶಪ್ಪ. ಅಡ್ಡಿ ಹೆಚ್ಚಿದಷ್ಟೂ ಕೇಳುವವರ ಕುತೂಹಲ ಹೆಚ್ಚುತ್ತದೆಂದು ಸುಫಿಯಾನನೇ ತನ್ನ ಪ್ರಬಂಧದಲ್ಲಿ ಒಂದಿಡೀ ಅಧ್ಯಾಯ ಬರೆದಿದ್ದ. ಪಾಪ, ಆಗ ಅದು ನೆನಪಾಗಲಿಲ್ಲ.

ಪಿ.ಜೆ. ಬಡಾವಣೆಯಲ್ಲಿ ಮೋಸಂಬಿ ಕೊಂಡು ಜಂಬಯ್ಯನ ಕಾರು ಹರಿಹರದ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಬಕ್ಕೇಶಪ್ಪನವರು ಇವನ ಎರಡೂ ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತಲೇ ಇದ್ದರು. ಅಜ್ಜಿಗೆ ಒಂದು ಫೋನು ಮಾಡೋಣವೆಂದರೆ ಜೇಬಿಗೆ ಹಾಕಲು ಕೈಯೇ ಇಲ್ಲ.

ಖತೀಜಾಬೀ ಸ್ಟೂಲು ಹತ್ತಿ ಬಾಗಿಲಿಗೆ ಹೊಸ ಪರದೆ ಕಟ್ಟುತ್ತಿದ್ದಳು.

"ಅಮ್ಮಾ! ನಿಮಗೆ ಕಾಲು ಮುರಿದೈತಲ್ರಿ!" ಎಂದು ಬಕ್ಕೇಶಪ್ಪ ಚೀರಿದರು.

ಅಜ್ಜಿ ಒಮ್ಮೆ ಮೊಮ್ಮಗನ ಮುಖ ನೋಡಿದಳು. "ಯಾ ಅಲ್ಲಾ!" ಎಂದವಳೇ ಸ್ಟೂಲಿನಿಂದ ಇಳಿದು ಮಂಚದ ಮೇಲೆ ಉರುಳಿಕೊಂಡಳು. "ಕೆಲಸದ ಗಡಿಬಿಡಿಯಾಗೆ ಮರ್ತೇ ಬಿಟ್ಟಿದ್ದೆ ನೋಡಪ್ಪಾ."

"ಮಾತೂ ನಿಂತೈತೆ ಅಂದಿದ್ರಲ್ಲ?" ಎಂದ ಜಂಬಯ್ಯ.

"ನಿಮ್ಮನ್ನೆಲ್ಲ ನೋಡಿದೆ, ಬಂತು."

ಸ್ವಾತಿ ಮೋಸಂಬಿ ಸುಲಿದು ಅಜ್ಜಿಯ ಬಾಯಿಗಿಡುತ್ತಿರುವಾಗ ಕಟ್ಟಿಗೆ ಅಡ್ಡೆಯ ಫಜಲುಲ್ಲಾ ಸಾಹೇಬರು ಸ್ವೀಟಿನ ಡಬ್ಬಿ ಹಿಡಿದು ಒಳಗೆ ಬಂದರು. ಇವರೇ ಅಂಜುಮ್‌ಳ ತಂದೆ. ಮಂಚ ನೋಡಿ ಗಾಬರಿಯಾದರು. "ಏನಾತ್ರಿ ಬೀ? ಬೆಳಿಗ್ಗೆ ಮಾರ್ಕೆಟ್ಟಿನಾಗೆ ಕೊತ್ತಂಬರಿಗೆ ಜಗಳ ಆಡಿ ಗೆದ್ದು ಬಂದ್ರಲ್ಲ!"

ಇನ್ನು ದಾರಿಯಿಲ್ಲದೆ ಸುಫಿಯಾನ್ ತಲೆತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ.

ಬಕ್ಕೇಶಪ್ಪನವರು ಒಂದು ಗಳಿಗೆ ಕಣ್ಣುಬಿಟ್ಟು ನೋಡಿ, ಹೊಟ್ಟೆ ಹಿಡಿದು ನಗತೊಡಗಿದರು. "ಎಲಾ ಇವನಾ! ಹೆಣ್ಣಿನ ಕಡೇರು ಬರ್ತಾರೆ ಅಂದಿದ್ರೆ ನಾನೇ ಕಾರು ಮಾಡಿ ಕಳಿಸ್ತಿದ್ದೆನಲ್ಲೋ!" ಮನುಷ್ಯ ಬಂಗಾರದಂಥವರು. ಮಾಡಿದ ಉಪಕಾರ ಸಾಲದೆಂದು ಫಜಲುಲ್ಲಾರ ಕಡೆ ತಿರುಗಿದರು. "ಸಾಹೇಬ್ರೇ, ಕಣ್ಣು ಮುಚ್ಚಿ ಹುಡುಗೀನ ಕೊಡ್ರಿ. ಏನು ಕಥೆ ಕಟ್ತಾನ್ರಿ! ಕಲ್ಲಿನಂಥ ನನ್ನ ಅಳಿಸಿಬಿಟ್ಟ." ಜಂಬಯ್ಯ ಪೂರ್ತಿ ಕಥೆಯನ್ನು ಮತ್ತೊಮ್ಮೆ, ಸ್ವಲ್ಪ ಸೇರಿಸಿಯೇ ಹೇಳಿದ.

ಫಜಲುಲ್ಲಾ ಎಲ್ಲವನ್ನೂ ಕೇಳಿ ಚಹಾದ ಕಪ್ಪು ಕೆಳಗಿಟ್ಟರು.

"ಸಾರ್, ನನಗೆ ಒಬ್ಬ ದೊಡ್ಡ ಅಳಿಯ ಅದಾನೆ. ತಡ ಮಾಡಿ ಬಂದ್ರೂ ಒಂದು ಕಥೆ, ಬರದಿದ್ರೂ ಒಂದು ಕಥೆ. ಹಿರೇ ಮಗಳು ಕೇಳಿ ಕೇಳಿ ಹಣ್ಣಾಗ್ಯಾಳೆ. ಅದಕ್ಕೇ ಈ ಹುಡುಗನ ಬಗ್ಗೆ ನಿಮ್ಮ ಕಾಲೇಜಿನಾಗೆ ವಿಚಾರ್ಸಿದ್ವಿ. ಸುಫಿಯಾನ್ ಸಾರ್ ಬಾಯಿ ತೆಗೆದ್ರೆ ಕ್ಲಾಸಿಗೆ ಕ್ಲಾಸೇ ಮಲಗ್ತೈತೆ ಅಂದ್ರು ಹುಡುಗರು. ಅದೊಂದೇ ಮಾತಿಗೆ, ಇವಗೆ ಕಥೆ ಕಟ್ಟಾಕೆ ಬರಂಗಿಲ್ಲ ಅಂತ, ನಮ್ಮ ಅಂಜುಮ್ ಒಪ್ಪಿದ್ಳು." ಹೀಗೆಂದು ಎದ್ದುಬಿಟ್ಟರು.

ಸುಫಿಯಾನ್ ಬರಿಗಾಲಲ್ಲಿ ಬೀದಿಗೆ ಓಡಿದ. ಪೂರ್ವ, ಪಶ್ಚಿಮ ಯಾವುದೂ ತಲೆಯಲ್ಲಿರಲಿಲ್ಲ. "ಚಾಚಾ, ನನಗೆ ಕಥೆ ಕಟ್ಟಾಕೆ ಖರೇನೇ ಬರಲ್ರಿ! ಇವತ್ತು ನಾನು ಇಲ್ಲಿ ಇಲ್ದಿದ್ರೆ ಅಂಜುಮ್ ಬೇರೆಯವರ ಮನೆ ಸೇರ್ತಾಳೆ ಅಂತ ಜೀವ ಬಾಯಿಗೆ ಬಂತು. ಆ ಹೆದರಿಕೆಗೆ ಏನೇನೋ ಅಂದುಬಿಟ್ಟೆ. ಹುಟ್ಟಿದಾಗಿಂದ ಇದೊಂದೇ ಸುಳ್ಳು, ಅದೂ ಆಕೆ ಸಲುವಾಗಿ." ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂತು.

ಫಜಲುಲ್ಲಾ ಸ್ಕೂಟರಿನ ಮೇಲೆ ಕೂತವರು ತಿರುಗಿ ನೋಡಿದರು. ಅವರ ಕಣ್ಣೂ ತುಂಬಿತ್ತು. ಸುಫಿಯಾನನ ಎದೆಯಲ್ಲಿ ಆಸೆ ಚಿಗುರಿತು.

"ಎಷ್ಟ್ ಚೆಂದ ಹೇಳ್ತೀಯಪ್ಪಾ!" ಎಂದು ಅವರು ಕಣ್ಣೊರೆಸಿಕೊಂಡು, ಗಾಡಿ ಸ್ಟಾರ್ಟ್ ಮಾಡಿ ಹೊರಟೇಹೋದರು.