ವೈಫೈ ಹಾಕಿಸಿ ಬೀಗರ ಮುಂದೆ ತಲೆ ತಗ್ಗಿಸಿದ್ದು

ದೇವರು ನನಗೆ ಊಟಕ್ಕೆ ಕಡಿಮೆ ಮಾಡಿಲ್ಲ, ನಾಚಿಕೆಪಡುವ ಪ್ರಸಂಗಗಳಿಗೂ ಕಡಿಮೆ ಮಾಡಿಲ್ಲ. ಜೋರಾಪುರ ಪೇಟೆಯ ನಮ್ಮ ಮನೆಗೆ ವೈಫೈ ಬಂದ ಮೇಲಂತೂ ಅವು ಬಾಗಿಲು ಬಡಿಯದೆ ಒಳಗೆ ಬರುತ್ತವೆ. ಅದೂ ಮಗಳ ಸಂಬಂಧದ ಮಾತು ನಡೆದಿರುವಾಗ.

ತುಂಬಿಕೊಂಡು ಹೋದದ್ದು

ಹುಡುಗನ ಮನೆ ಬಬಲೇಶ್ವರದಲ್ಲಿ. ಮಠದಲ್ಲಿ ಮಗಳು ವಚನ ಹಾಡಿದ ವಿಡಿಯೋ ಇಂಟರ್ನೆಟ್ಟಿನಲ್ಲಿತ್ತು. ಅದನ್ನು ತೋರಿಸಲು ಹೋದೆ. ಮೊಬೈಲಿನಲ್ಲಿ ಚಕ್ರ ತಿರುಗಿದ್ದೇ ತಿರುಗಿದ್ದು.

"ಮುಂಜಾನಿಂದ ವೈಫೈ ಡಬ್ಬಿ ಬಾಜೂಕ ಇಟ್ಟು ತುಂಬಿಸ್ಕೊಂಡು ಬಂದೇನ್ರಿ ಬೀಗರ. ದಾರ್ಯಾಗ ಸೋರಿತೋ ಏನೋ," ಎಂದೆ.

ಹುಡುಗನ ತಂದೆ ಸಾವಧಾನದ ಮನುಷ್ಯ. "ವೈಫೈ ಅಂದ್ರ ಮನಿ ನಳ ಇದ್ದಂಗ್ರಿ, ಮನಿ ಬಿಟ್ರ ಸಿಗಂಗಿಲ್ಲ. ಮೊಬೈಲ್ ಡೇಟಾ ಕೈಯಾಗಿನ ತಂಬಿಗಿ, ಹೋದಲ್ಲಿ ಜೋಡಿ ಬರತೈತಿ. ನಿಮ್ಮ ಡೇಟಾ ಎಲ್ಲೈತಿ?"

"ಮನ್ಯಾಗ ವೈಫೈ ಬಂತಲ್ಲಾ ಅಂತ ಅದನ್ನ ಬಂದ್ ಮಾಡೇನ್ರಿ."

ಒಳಗಿನಿಂದ ಹುಡುಗನ ಅಜ್ಜಿಯ ದನಿ ಬಂತು: "ಯಪ್ಪಾ, ತಂಬಿಗಿ ಇಲ್ಲದ ಯಾರರ ಹೊರಗ ಹೊಂಡತಾರೇನು!"

ಮಡಿ

ಮಗಳಿಗೆ ಒಳ್ಳೆಯದಾಗಲಿ ಎಂದು ಆ ಡಬ್ಬಿಗೆ ವಿಭೂತಿ ಹಚ್ಚಿ ದೇವರ ಕೋಣೆಯ ಗೂಡಿನಲ್ಲಿಟ್ಟಿದ್ದೆ. ನಮ್ಮದು ಹಳೆಯ ಕಲ್ಲಿನ ಗೋಡೆ. ವೈಫೈ ಹೊಸ್ತಿಲು ದಾಟಲಿಲ್ಲ. ಹುಡುಗನ ತಾಯಿ ವಿಡಿಯೋ ಕಾಲ್ ಮಾಡಿದಾಗ, ಪಡಸಾಲೆಯಲ್ಲಿದ್ದ ಮಗಳು ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಳು.

"ದೇವರ ಕೋಣಿಗಿ ಹೋಗು, ಅಲ್ಲಿ ಭರಪೂರ ಐತಿ!" ಎಂದು ಕೂಗಿದೆ. ಅವಳು ಓಡಿದಳು. ನನಗೆ ತಟ್ಟನೆ ನೆನಪಾಯಿತು. "ಲೇ ನಿಲ್ಲು, ಜಳಕ ಆಗೇತೇನು?"

"ಇಲ್ಲಪ್ಪಾ."

"ಹಂಗಾರ ಕಾಲಿಡಬ್ಯಾಡ!"

ಚಿತ್ರ ನಿಂತಿತ್ತು, ದನಿ ನಿಂತಿರಲಿಲ್ಲ. ಆ ಕಡೆಯಿಂದ ಹುಡುಗನ ತಾಯಿ ಕೇಳಿದರು: "ನಿಮ್ಮಲ್ಲಿ ಇಂಟರ್ನೆಟ್ಟಿಗೂ ಮಡಿ ಐತೇನ್ರಿ?"

ಅಂದೇ ಡಬ್ಬಿ ಪಡಸಾಲೆಗೆ ಬಂತು.

ಹೆಸರು

ಬೀಗರು ಕೊನೆಯ ಮಾತಿಗೆ ನಮ್ಮ ಮನೆಗೆ ಬಂದರು. ಅವರ ಹಿರಿಯಣ್ಣ ಕಾಲುನೋವಿನಿಂದ ತಿಕೋಟಾದಲ್ಲೇ ಉಳಿದಿದ್ದರು. ಅವರು ವಿಡಿಯೋದಲ್ಲಿ ಹುಡುಗಿ ನೋಡಿ ಹೂಂ ಅಂದರೆ ಮಾತ್ರ ಸಂಬಂಧ ಗಟ್ಟಿ. ನಮ್ಮ ಗೋಡೆಯೊಳಗೆ ಮೊಬೈಲ್ ಡೇಟಾ ಬರುವುದಿಲ್ಲ. ನಾನು ಪೇಢೆ ತರಲು ಗಾಂಧಿ ಚೌಕಕ್ಕೆ ಹೋಗಿದ್ದೆ. ಮಗಳು ಗೆಳತಿಯ ಮನೆಯಲ್ಲಿ ಸೀರೆ ಉಡುತ್ತಿದ್ದಳು. ಬೀಗರು ನನ್ನ ಹೆಂಡತಿಗೆ ವೈಫೈ ಪಾಸ್‌ವರ್ಡ್ ಕೇಳಿದರು. ಅವಳು ಸೆರಗು ಎಳೆದುಕೊಂಡು, "ಅವರು ಬರ್ಲಿ ತಡೀರಿ," ಎಂದಳಂತೆ. ಎಷ್ಟು ಕೇಳಿದರೂ ಅದೇ ಮಾತು.

ನಾನು ಬರುವಷ್ಟರಲ್ಲಿ ಹುಡುಗನ ತಾಯಿ ಚೀಲ ಕೈಗೆತ್ತಿಕೊಂಡಿದ್ದರು. "ಪಾಸ್‌ವರ್ಡ್ ಕೊಡಾಕ ಇಷ್ಟು ಹಿಂದಮುಂದ ನೋಡೋರು, ಮಗಳನ್ನ ಹೆಂಗ ಕೊಟ್ಟಾರು?"

ನನಗೆ ಆಗ ಹೊಳೆಯಿತು. ಪಾಸ್‌ವರ್ಡ್ ನನ್ನ ಹೆಸರು! ಹೆಂಡತಿ ಗಂಡನ ಹೆಸರು ಹೇಳುವವಳಲ್ಲ, ಹೊರಗೆ ಹೋಗುವ ಭಯವಿಲ್ಲ ಎಂದು ನಾನೇ ಹಾಕಿಸಿದ್ದೆ. ತಪ್ಪೊಪ್ಪಿಕೊಂಡೆ.

"ಚೀಟ್ಯಾಗ ಬರದರ ಕೊಡಬಾರದಾ?" ಎಂದೆ ಅವಳಿಗೆ.

"ಬಾಯಿ ಹೇಳದ್ದು ಕೈ ಬರೀತೈತೇನ್ರಿ?"

ಹುಡುಗನ ತಾಯಿ ಚೀಲ ಕೆಳಗಿಟ್ಟು ನಕ್ಕರು. "ಅಯ್ಯ, ಹಿಂಗೇನು! ಬೀಗರ, ನೀವು ಹೇಳಬ್ಯಾಡ್ರಿ. ಮದವ್ಯಾಗ ಗಂಡನ ಹೆಸರು ಹೇಳಿದಂಗ ನೀವ ಒಡಪ ಕಟ್ಟಿ ಹೇಳ್ರೆವ್ವಾ."

ಮನೆಯಾಕೆ ಗೋಡೆಗೆ ಮುಖ ಮಾಡಿ ಹೇಳಿದಳು:

"ಗ್ವಾಡಿ ದಪ್ಪ, ಸಿಗ್ನಲ್ ಸಣ್ಣ, ಬೀಗರ ಮಾರಿ ಬಾಡಿ,
ಹೆಸರ ಹೇಳತೇನಿ, ವೈಫೈ ತಗೀರಿ, ತಪ್ಪಿದ್ರ ಮಾಫಿ ಮಾಡಿ..."

ಕೊನೆಗೆ ನನ್ನ ಹೆಸರು. ಬೀಗರು ಒತ್ತಿದರು. "ತಪ್ಪು ಅಂತೈತ್ರಿ."

ಸೆರಗಿನೊಳಗಿಂದ ದನಿ ಬಂತು: "ಮುಂದ ‘ಶ್ರೀ’ ಹಚ್ಚರಿ."

"ಈಗೂ ತಪ್ಪು."

"ಹಿಂದ ‘ಅವರು’ ಹಚ್ಚರಿ. ಹಂಗಂತ ತಾವ ಹಾಕಿಸ್ಯಾರ."

ವೈಫೈ ಹತ್ತಿತು. ಮಗಳು ಬಂದು ಕೂತಳು. ನಗು ನಿಂತಿರಲಿಲ್ಲ, ವಿಡಿಯೋದಲ್ಲಿ ಹಿರಿಯಣ್ಣ ಕಾರಣ ಕೇಳಿದರು, ಬೀಗರು ಬಿಡಿಸಿ ಹೇಳಿದರು. ನಾನು ಪೇಢೆಯ ಪೆಟ್ಟಿಗೆ ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದೆ.

ಹಿರಿಯರು ಅಂದರು: "ಹುಡುಗಿ ಪಸಂದ ಐತಿ, ಸಕ್ಕರಿ ಹಂಚರಿ. ಆ ಶ್ರೀಯವರು ಎಲ್ಲಿ ಅದಾರ? ಅವರನ್ನ ಒಂದೀಟು ತೋರಸ್ರಿ!"